ಒಂದೇ ಪೆಟ್ಟಿಗೆ, ಎರಡು ಸಂಗೀತ: ಆಸಿಡ್ ಹೌಸ್ ನಿಂತ ನೀರೇ?

ಆಸಿಡ್ ಹೌಸ್ ಎಂಬ ನೃತ್ಯಸಂಗೀತ ನಿಂತ ನೀರು ಎನ್ನುವವರಿಗೆ ನಮ್ಮ ದೇಶದ್ದೇ ಒಂದು ಸಾಕ್ಷ್ಯ ಸಿಕ್ಕಿದೆ: 1982ರಲ್ಲಿ ಚರಣ್‌ಜಿತ್ ಸಿಂಗ್ ಹೊರತಂದ 'ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. 2010ರಲ್ಲಿ ಈ ರೆಕಾರ್ಡು ಮತ್ತೆ ಬಂದಾಗ, ಶಿಕಾಗೋದ ಫ್ಯೂಚರ್ ತಂಡ 1987ರ 'ಆಸಿಡ್ ಟ್ರ್ಯಾಕ್ಸ್'ನಲ್ಲಿ ಕೇಳಿಸಿದ್ದು ಮುಂಬಯಿಯಲ್ಲಿ ಐದು ವರ್ಷ ಮೊದಲೇ ಇತ್ತು ಎಂದು ಅಭಿಮಾನಿಗಳು ಹಿಗ್ಗಿದರು. ಹಾಗಾದರೆ ಈ ಪ್ರಕಾರದಲ್ಲಿ ಅಂದೂ ಹೊಸದಿರಲಿಲ್ಲ, ಇಂದೂ ಇಲ್ಲ ಎಂದು ನಿಂದಕರು ಅದಕ್ಕೇ ಗಂಟು ಹಾಕಿದರು. ಎರಡು ಕಡೆಯವರೂ ರೆಕಾರ್ಡನ್ನು ಕಿವಿಗೊಟ್ಟು ಕೇಳಿಲ್ಲ ಎಂಬುದು ನನ್ನ ತಕರಾರು.

ಎರಡೂ ಕೃತಿಗಳಲ್ಲಿ ಇರುವುದು ರೋಲ್ಯಾಂಡ್ ಟಿಬಿ-303 ಎಂಬ ಪೆಟ್ಟಿಗೆ. ಬೇಸ್ ಗಿಟಾರಿಗೆ ಬದಲಿಯಾಗಿ ಬಂದು, ಹೆಚ್ಚು ಮಾರಾಟವಾಗದೆ 1984ರಲ್ಲಿ ತಯಾರಿಕೆ ನಿಂತ ಯಂತ್ರ ಅದು. ಪೆಟ್ಟಿಗೆ ಒಂದೇ ಆದ್ದರಿಂದ ಸಂಗೀತವೂ ಒಂದೇ ಎನ್ನುವುದು ಆತುರದ ತೀರ್ಮಾನ.

'ಮಾಲ್‌ಕೌನ್ಸ್' ಭಾಗವನ್ನೇ ತೆಗೆದುಕೊಳ್ಳಿ. ನಮ್ಮ ಕರ್ನಾಟಕ ಸಂಗೀತ ಪದ್ಧತಿಯಲ್ಲಿ ಅದೇ ಸ್ವರಗಳ ರಾಗ ಹಿಂದೋಳ. ಕೊಣನೂರಿನ ನೆರೆಯ, ಸಂಗೀತಗಾರರ ಊರಾದ ರುದ್ರಪಟ್ಟಣದ ಗಾಯನ ಕೇಳಿ ಬೆಳೆದ ಕಿವಿಗೆ ಹಿಂದೋಳದ ಗಾಂಧಾರ, ಧೈವತ, ನಿಷಾದಗಳಲ್ಲಿ ಕಂಪನ ಬೇಕು. (ಈ ವಿಷಯದಲ್ಲಿ ನಾನು ರುದ್ರಪಟ್ಟಣದ ಪಕ್ಷಪಾತಿ, ಮುಚ್ಚಿಡುವುದಿಲ್ಲ.) 303ರ 'ಸ್ಲೈಡ್' ಒಂದು ಸ್ವರದಿಂದ ಮುಂದಿನದಕ್ಕೆ ಗೊತ್ತಾದ ಅವಧಿಯಲ್ಲಿ ಜಾರುತ್ತದೆ, ಅಷ್ಟೆ. ಹಿಂದಿರುಗಿ ತೂಗುವುದಿಲ್ಲ, ಸ್ವರದ ಸುತ್ತ ಸುಳಿಯುವುದಿಲ್ಲ. ಯಂತ್ರ ಗಮಕ ಹಾಡಿತು ಎಂಬ ಹೊಗಳಿಕೆ ಆದ್ದರಿಂದ ನಿಲ್ಲದು. ರಾಗದ ಸಂಚಾರವನ್ನು ಹೊತ್ತದ್ದು ಮುಖ್ಯವಾಗಿ ಮೇಲಿನ ಜ್ಯೂಪಿಟರ್-8 ಕೀಬೋರ್ಡು. 303 ಕೆಳಗೆ ಓಡುತ್ತಾ ಆಧಾರ ಕೊಡುತ್ತದೆ. ಅಲ್ಲಿ ಬೆಳವಣಿಗೆ ನಡೆಯುವುದು ಸ್ವರದಲ್ಲಿ.

'ಆಸಿಡ್ ಟ್ರ್ಯಾಕ್ಸ್'ನಲ್ಲಿ ರಾಗವೆಂದು ಕರೆಯಬಹುದಾದದ್ದು ಏನೂ ಇಲ್ಲ. ಒಂದು ಚಿಕ್ಕ ಸ್ವರಗುಚ್ಛ ಹನ್ನೊಂದು ನಿಮಿಷಕ್ಕೂ ಹೆಚ್ಚು ಹೊತ್ತು ಸುತ್ತುತ್ತದೆ; ಬದಲಾಗುವುದು ನಾದದ ಮೈ. ಫಿಲ್ಟರಿನ ಗುಂಡಿ ತಿರುವಿದಂತೆ ಮುಚ್ಚಿದ ಸದ್ದು ತೆರೆಯುತ್ತದೆ, ಕೀರಲಾಗುತ್ತದೆ, ಮತ್ತೆ ತಗ್ಗುತ್ತದೆ. ಸ್ವರ ಎಣಿಸುತ್ತಾ ಕೂತವರಿಗೆ ಇಲ್ಲಿ ಏನೂ ನಡೆದಂತೆ ಕಾಣುವುದಿಲ್ಲ. ಚರಣ್‌ಜಿತ್ ಅವರ ರೆಕಾರ್ಡಿನಲ್ಲೂ ಆ ಫಿಲ್ಟರಿನ ಚೂಪು ಉಂಟು, ಒಪ್ಪುತ್ತೇನೆ. ಆದರೆ ಅಲ್ಲಿ ಅದು ಬಣ್ಣ, ಶಿಕಾಗೋದಲ್ಲಿ ಅದೇ ಕಥೆ. ಹೀಗಾಗಿ 1982ರ ಕೃತಿ ಆಸಿಡ್ ಹೌಸಿನ ಮೊದಲ ಪ್ರತಿಯಲ್ಲ, ಅದೇ ಯಂತ್ರ ಹಿಡಿದ ಇನ್ನೊಂದು ದಾರಿ. ಇದರಿಂದ ಚರಣ್‌ಜಿತ್ ಅವರ ಹಿರಿಮೆ ಕುಗ್ಗುವುದಿಲ್ಲ. ಹಿಂದಿ ಚಿತ್ರಗಳ ವಾದ್ಯಗೋಷ್ಠಿಯಲ್ಲಿ ಪಳಗಿದ ಅವರ ಕೈ ಹುಡುಕಿದ್ದು ರಾಗಕ್ಕೆ ಹೊಸ ನಡೆಯನ್ನು. ಶಿಕಾಗೋದ ಮುನ್ಸೂಚಕ ಎಂಬ ಬಿರುದು ಆ ಹುಡುಕಾಟವನ್ನೇ ಮರೆಸುತ್ತದೆ.

ಮಿತ ಸಾಧನವೇ ಜಡತೆಯ ಗುರುತು ಎನ್ನುವವರು ಹಿಂದೋಳವನ್ನೇ ನೋಡಲಿ. ಇರುವುದು ಐದೇ ಸ್ವರ. ರುದ್ರಪಟ್ಟಣದಲ್ಲಿ 1920ರಲ್ಲಿ ಹುಟ್ಟಿದ ಗಾಯಕ ಆರ್.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು. ಅದೇ ರಾಗಗಳನ್ನು ಹಾಡುತ್ತಿದ್ದಾರೆಂದು ಯಾರೂ ಆಕ್ಷೇಪಿಸಲಿಲ್ಲ. ಆ ಸೌಜನ್ಯ ನೃತ್ಯಸಂಗೀತಕ್ಕೆ ಏಕಿಲ್ಲ?

ಅದೇ ಮಿತ ಸಾಧನದಲ್ಲಿ ಬೆಳವಣಿಗೆಗೆ ಉದಾಹರಣೆ ಬೇಕೇ? ಜರ್ಮನಿಯ ಹಾರ್ಡ್‌ಫ್ಲೋರ್ ಜೋಡಿ 1992ರ 'ಆಕ್‌ಪೀರಿಯೆನ್ಸ್ 1'ರಲ್ಲಿ ಹಲವು 303ಗಳನ್ನು ಒಂದರ ಮೇಲೊಂದು ಹೆಣೆಯಿತು. ಒಂದರ ಫಿಲ್ಟರು ತೆರೆಯುವಾಗ ಇನ್ನೊಂದರ ಎಳೆ ಅಡಿಯಲ್ಲಿ ಸಾಗುತ್ತದೆ. ಒಂಟಿ ಪೆಟ್ಟಿಗೆಯ 1987ರ ಕೃತಿಯಲ್ಲಿ ಇಂಥ ಸಂವಾದಕ್ಕೆ ಎಡೆಯೇ ಇರಲಿಲ್ಲ. ಜಡತೆಯ ಆರೋಪ ಹೊರಿಸುವವರು ಮೊದಲು ಈ ಎರಡನ್ನು ಎದುರುಬದುರು ಇಟ್ಟು, ನಾದ ಎಲ್ಲೆಲ್ಲಿ ತಿರುಗುತ್ತದೆಂದು ಗುರುತು ಹಾಕಿ ತೋರಿಸಲಿ.