ಗಣಿಯೂರಿನಲ್ಲಿ ಮದ್ದು ಕಾದವರು

ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಚರಿತ್ರೆ ಬರೆದವರು ಚಿನ್ನದ ಲೆಕ್ಕ ಕೊಟ್ಟಿದ್ದಾರೆ, ಸುರಂಗದ ಆಳ ಹೇಳಿದ್ದಾರೆ. ಬಂಗಾರಪೇಟೆಯಲ್ಲಿ ಮೆಡಿಕಲ್ ಸ್ಟೋರ್ ನಡೆಸುವ ನನಗೆ ಅಲ್ಲಿನ ಮದ್ದಿನ ಕಥೆ ಮುಖ್ಯ. ಅಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಕೊರೆದವರ ಎದೆಯಲ್ಲಿ ಧೂಳು ಕೂತು ಸಿಲಿಕೋಸಿಸ್ ಆಗುತ್ತಿತ್ತು. ಅಂಥ ಎದೆಗೆ ಕ್ಷಯ ಬೇಗ ತಗಲುತ್ತದೆ. ನಮ್ಮ ತಾತನಿಗೂ ತಗಲಿತು.

1943ರಲ್ಲಿ ಸ್ಟ್ರೆಪ್ಟೋಮೈಸಿನ್ ಸಿಗುವವರೆಗೆ ಕ್ಷಯದ ಕ್ರಿಮಿಯನ್ನು ಮಣಿಸುವ ಆ್ಯಂಟಿಬಯೋಟಿಕ್ಕೇ ಇರಲಿಲ್ಲ. ತಾತನ ಸೂಜಿಮದ್ದಿನ ಬಗ್ಗೆ ಅಜ್ಜಿ ಹೇಳುತ್ತಿದ್ದರು: ರಬ್ಬರ್ ಮುಚ್ಚಳದ ಪುಟ್ಟ ಸೀಸೆ, ತಳದಲ್ಲಿ ಬಿಳಿ ಪುಡಿ. ಕಾಂಪೌಂಡರ್ ಮೊದಲು ಸೀಸೆಯ ಮೇಲಿನ ತಾರೀಖು ಓದಿ, ಆಮೇಲೆ ಡಿಸ್ಟಿಲ್ಡ್ ವಾಟರ್ ಸೇರಿಸಿ ಕುಲುಕಿ, ಆಗಲೇ ಚುಚ್ಚುತ್ತಿದ್ದರು.

ಪುಡಿಯಾಗಿಯೇ ತರುವುದಕ್ಕೆ ಕಾರಣವಿತ್ತು. ಪೆನಿಸಿಲಿನ್ನನ್ನೇ ನೋಡಿ. ಮೊದಮೊದಲು ತಯಾರಾದದ್ದು ತಂಪಿಲ್ಲದಿದ್ದರೆ ಕೆಡುತ್ತಿತ್ತು. ಹರಳಾಗಿಸಿ ಒಣಗಿಸುವುದನ್ನು ಕಲಿತ ಮೇಲೆ ಬಿಸಿಲೂರುಗಳಿಗೂ ತಲುಪಿತು. ಆದರೆ ನೀರು ಬೆರೆತ ಗಳಿಗೆಯಿಂದ ಅದರ ಅಣು ಒಡೆಯತೊಡಗುತ್ತದೆ. ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ 1955ರಲ್ಲಿ ಪೆನಿಸಿಲಿನ್ ತಯಾರಿಸಲು ಶುರುಮಾಡಿತು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. 1962ರಲ್ಲಿ ದೇಶದ ಕ್ಷಯ ಕಾರ್ಯಕ್ರಮ ಬಂತು. ಮುಂದೆ, ಆರೋಗ್ಯ ಕಾರ್ಯಕರ್ತರ ಕಣ್ಣೆದುರೇ ಮದ್ದು ನುಂಗಿಸುವ ಡಾಟ್ಸ್ ಕಾಲದಲ್ಲಿ ಒಬ್ಬೊಬ್ಬ ರೋಗಿಗೂ ಪೂರ್ತಿ ಕೋರ್ಸಿನ ಒಂದೊಂದು ಪೆಟ್ಟಿಗೆ ಎತ್ತಿಡುವ ಪದ್ಧತಿ ಬಂತು.

ಇಷ್ಟು ಕಾಲವೂ ಮದ್ದು ಕಾಯುವ ಹೊಣೆ ಆಸ್ಪತ್ರೆಯದಾಗಿತ್ತು. ಈಗ ಅದು ಮನೆಮನೆಯದು. ಗಣಿ 2001ರಲ್ಲಿ ಮುಚ್ಚಿತು, ಕಾರ್ಮಿಕರ ಲೈನ್ ಮನೆಗಳ ತಗಡಿನ ಮಾಡು ಇನ್ನೂ ಇದೆ. ಏಪ್ರಿಲ್ ಬಿಸಿಲಿಗೆ ಆ ಮಾಡಿನ ಕೆಳಗಿನ ಗೂಡಿನಲ್ಲಿಟ್ಟ ಮಾತ್ರೆಗೆ ಸ್ಟ್ರಿಪ್ಪಿನ ಮೇಲಿನ ತಾರೀಖು ರಕ್ಷೆಯಾಗದು. ಲೇಬಲ್ಲಿನಲ್ಲಿ ಹೇಳಿದಂತೆ, ಸಾಮಾನ್ಯವಾಗಿ 25 ಅಥವಾ 30 ಡಿಗ್ರಿ ಮೀರದ, ತೇವವಿಲ್ಲದ ಕಡೆ ಇಟ್ಟರೆ ಮಾತ್ರ ಆ ತಾರೀಖಿಗೆ ಬೆಲೆ. ತಿಂಗಳು, ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಬಳಸಬಹುದು. ಮಕ್ಕಳ ಡ್ರೈ ಸಿರಪ್‌ಗೆ ನೀರು ಬೆರೆಸಿದಿರೋ, ಬಾಟಲಿಯ ತಾರೀಖು ಮರೆತುಬಿಡಿ. ಲೇಬಲ್ ಹೇಳಿದಷ್ಟೇ ದಿನ, ಹೆಚ್ಚಿನವಕ್ಕೆ ಒಂದು ವಾರ. 1963ರಲ್ಲೇ ಅಮೆರಿಕದ ವೈದ್ಯರು, ಕೆಟ್ಟುಹೋದ ಟೆಟ್ರಾಸೈಕ್ಲಿನ್ ನುಂಗಿದವರ ಕಿಡ್ನಿಗೆ ಪೆಟ್ಟು ಬಿದ್ದದ್ದನ್ನು ವರದಿ ಮಾಡಿದ್ದರು.

ಅಕ್ಕಂದಿರೇ, ಅಣ್ಣಂದಿರೇ, ಆ್ಯಂಟಿಬಯೋಟಿಕ್ ಮುಂದಿನ ಜ್ವರಕ್ಕೆಂದು ಉಳಿಸಿಡುವ ವಸ್ತುವಲ್ಲ. ಡಾಕ್ಟರು ಬರೆದಷ್ಟು ದಿನ ತಪ್ಪದೆ ನುಂಗಿ. ಡೇಟ್ ಬಾರ್ ಆದದ್ದನ್ನು ಯಾರಿಗೂ ಕೊಡಬೇಡಿ.