ಶೆಣೈ, ಬಿ. ಆರ್. (1905–1978)

ಭಾರತೀಯ ಅರ್ಥಶಾಸ್ತ್ರಜ್ಞ, ಮುಕ್ತ ಮಾರುಕಟ್ಟೆಯ ಪ್ರತಿಪಾದಕ. ಎರಡನೆಯ ಪಂಚವಾರ್ಷಿಕ ಯೋಜನೆಯ ಕುರಿತು 1955ರಲ್ಲಿ ಬರೆದ ಭಿನ್ನಮತದ ಟಿಪ್ಪಣಿಯಿಂದ ಹೆಸರಾದವರು. ಹಣದುಬ್ಬರ, ಸರ್ಕಾರಕ್ಕೆ ಅಧೀನವಾದ ಕೇಂದ್ರೀಯ ಬ್ಯಾಂಕು, ಬೆಳೆಯುತ್ತ ಹೋಗುವ ನಿಯಂತ್ರಣಗಳು ಒಂದರಿಂದೊಂದು ಹುಟ್ಟುತ್ತವೆ ಎಂಬುದು ಅವರ ವಾದದ ತಿರುಳು.

ಜೀವನ

ಪೂರ್ಣ ಹೆಸರು ಬೆಳ್ಳಿಕೋತ್ ರಘುನಾಥ ಶೆಣೈ. ಬೆಳ್ಳಿಕೋತ್ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಊರು. ಈಗ ಕಾಸರಗೋಡು ಜಿಲ್ಲೆಯಲ್ಲಿದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿಯೂ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿಯೂ ಓದಿದರು. ಲಂಡನ್ನಿನಲ್ಲಿ ಅರ್ಥಶಾಸ್ತ್ರಜ್ಞ ಹಯೆಕ್‌ರ ವಿಚಾರಗಳ ಪ್ರಭಾವಕ್ಕೆ ಒಳಗಾದರು. ಸಿಲೋನಿನಲ್ಲಿ ಬೋಧಿಸಿ, ರಿಸರ್ವ್ ಬ್ಯಾಂಕಿನಲ್ಲಿ ದುಡಿದು, ಅನಂತರ ಗುಜರಾತ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಭಿನ್ನಮತ

ಯೋಜನೆಯ ಕರಡನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಅಸಮ್ಮತಿ ದಾಖಲಿಸಿದವರು ಶೆಣೈ ಒಬ್ಬರೇ. ಸರ್ಕಾರಿ ವಲಯದ 4,800 ಕೋಟಿ ರೂ. ವೆಚ್ಚದಲ್ಲಿ 1,200 ಕೋಟಿ ರೂ.ಗಳನ್ನು ಕೊರತೆ ಹಣಕಾಸಿನಿಂದ, ಅಂದರೆ ಮುಖ್ಯವಾಗಿ ಹೊಸ ನೋಟುಗಳಿಂದ, ತುಂಬುವುದೆಂದು ಯೋಜನೆ ಅಂತಿಮವಾಗಿ ನಿಗದಿಪಡಿಸಿತು. ಯೋಜನೆಯ ಗಾತ್ರವನ್ನು ನಿಜವಾದ ಉಳಿತಾಯ ನಿರ್ಧರಿಸಬೇಕು, ನೋಟು ಹೆಚ್ಚಿದರೆ ಉಳಿತಾಯ ಹೆಚ್ಚದು ಎಂದರು ಶೆಣೈ. ಬೆಲೆ ಏರಿದಾಗ ಅದನ್ನು ಹತ್ತಿಕ್ಕಲು ನಿಯಂತ್ರಣಗಳು ಬರುತ್ತವೆ. ಅವು ಮುಕ್ತ ಸಮಾಜದ ಬುಡವನ್ನೇ ಸಡಿಲಿಸಬಹುದು ಎಂಬ ಆತಂಕವೂ ಅವರದು. ರಾಷ್ಟ್ರೀಕರಣದ ವಿಸ್ತರಣೆಯನ್ನೂ ವಿರೋಧಿಸಿದರು.

ಕೊರತೆಯ ಯಂತ್ರ

ಶೆಣೈ ಅವರ ಆತಂಕದ ತೂಕ ತಿಳಿಯಬೇಕಾದರೆ ಆ ಕಾಲದ ಎರಡು ಏರ್ಪಾಡುಗಳನ್ನು ನೋಡಬೇಕು. ಮೊದಲನೆಯದು ಸರ್ಕಾರ ಮತ್ತು ರಿಸರ್ವ್ ಬ್ಯಾಂಕಿನ ನಡುವಿನ 1955ರ ಒಪ್ಪಂದ. ಶುಕ್ರವಾರದ ಲೆಕ್ಕದಲ್ಲಿ ಕೇಂದ್ರ ಸರ್ಕಾರದ ನಗದು ಶಿಲ್ಕು 50 ಕೋಟಿ ರೂ.ಗಿಂತ ಕೆಳಗಿಳಿದರೆ, ಅದನ್ನು ತುಂಬುವಷ್ಟು ಅಡ್ ಹಾಕ್ ಖಜಾನೆ ಹುಂಡಿಗಳು ತಾವಾಗಿಯೇ ರಿಸರ್ವ್ ಬ್ಯಾಂಕಿನ ಹೆಸರಿಗೆ ಸೃಷ್ಟಿಯಾಗುತ್ತಿದ್ದವು. ಅವುಗಳ ಎದುರು ಬ್ಯಾಂಕು ಹೊಸ ಹಣ ಒದಗಿಸಬೇಕಿತ್ತು. ಬೇಡವೆನ್ನುವ ಅವಕಾಶ ಅದಕ್ಕಿರಲಿಲ್ಲ. ತಾತ್ಕಾಲಿಕವೆಂದು ಹೊರಟ ಹುಂಡಿಗಳು ಕಾಯಂ ಸಾಲವಾಗಿ ಬೆಳೆದವು. 1974ರಿಂದ ಅವುಗಳ ಬಡ್ಡಿ ದರ ಶೇ. 4.6ರಲ್ಲೇ ನಿಂತಿತ್ತು.

ಎರಡನೆಯದು ನೋಟಿನ ಆಧಾರ. ಅದುವರೆಗೆ ರಿಸರ್ವ್ ಬ್ಯಾಂಕಿನ ನೋಟು ವಿಭಾಗದ ಆಸ್ತಿಯಲ್ಲಿ ಕನಿಷ್ಠ ಶೇ. 40 ಭಾಗ ಚಿನ್ನ ಹಾಗೂ ವಿದೇಶಿ ಸಾಲಪತ್ರಗಳ ರೂಪದಲ್ಲಿರಬೇಕಿತ್ತು. 1956ರ ತಿದ್ದುಪಡಿ ಆ ಅನುಪಾತವನ್ನು ತೆಗೆದುಹಾಕಿ, 115 ಕೋಟಿ ರೂ. ಚಿನ್ನ ಮತ್ತು 400 ಕೋಟಿ ರೂ. ವಿದೇಶಿ ಪತ್ರಗಳು ಸಾಕೆಂದಿತು. ವಿದೇಶಿ ಮೀಸಲು ಕರಗತೊಡಗಿದಾಗ, 1957ರಲ್ಲಿ ಎರಡೂ ಸೇರಿ 200 ಕೋಟಿ ರೂ. ಇದ್ದರಾಯಿತೆಂದು ಕಾನೂನು ಮತ್ತೆ ಬದಲಾಯಿತು. ಮೀಸಲು ಕರಗಿದಂತೆ ಬೇಲಿಯೂ ಹಿಂದೆ ಸರಿಯಿತು.

ಅನಂತರ

1957–58ರ ವಿದೇಶಿ ವಿನಿಮಯ ಬಿಕ್ಕಟ್ಟು ಆಮದು ನಿಯಂತ್ರಣಗಳನ್ನು ಬಿಗಿಗೊಳಿಸಿತು. ಇದನ್ನು ಶೆಣೈ ಅವರ ಎಚ್ಚರಿಕೆಯ ಸಮರ್ಥನೆಯೆಂದು ಕಾಣುವವರಿದ್ದಾರೆ. ಆದರೆ ಆಹಾರ ಕೊರತೆ, ಖಾಸಗಿ ಆಮದುಗಳ ಏರಿಕೆಯ ಪಾತ್ರವನ್ನೂ ಮರೆಯುವಂತಿಲ್ಲ. 1966ರ ಜೂನ್‌ನಲ್ಲಿ ರೂಪಾಯಿಯನ್ನು ಅಪಮೌಲ್ಯಗೊಳಿಸಿದಾಗ ಡಾಲರಿನ ಬೆಲೆ 4.76ರಿಂದ 7.50 ರೂ.ಗೆ ಏರಿತು. ಅಪಮೌಲ್ಯ ಅಗತ್ಯವೆಂದು ಶೆಣೈ ಬಹುಕಾಲದಿಂದ ಹೇಳುತ್ತ ಬಂದಿದ್ದರು.

ಮೌಲ್ಯಮಾಪನ

ಅರ್ಥಶಾಸ್ತ್ರಜ್ಞ ಪೀಟರ್ ಬಾವರ್, ಶೆಣೈ ಅವರ ಧೈರ್ಯವನ್ನು ಮೆಚ್ಚಿದರು. ದೆಹಲಿಯ ನೀತಿವಲಯದಲ್ಲಿ ಅವರಿಗೆ ಸಿಕ್ಕ ಮನ್ನಣೆ ಅಲ್ಪ. ಮಗಳು ಸುಧಾ ಶೆಣೈ, ಹಯೆಕ್ ಸೇರಿದ್ದ ಆಸ್ಟ್ರಿಯನ್ ಪಂಥದ ಅರ್ಥಶಾಸ್ತ್ರಜ್ಞೆಯಾದರು. ಅಡ್ ಹಾಕ್ ಹುಂಡಿಗಳು 1997ರ ಏಪ್ರಿಲ್‌ನಲ್ಲಿ ಕೊನೆಗೊಂಡು, ಅವುಗಳ ಬದಲು ಸರ್ಕಾರಕ್ಕೆ ಮಿತಿಯುಳ್ಳ ಮುಂಗಡಗಳು ಬಂದವು. ಆ ಸುಧಾರಣೆಗೆ ಶೆಣೈ ಅವರೇ ಕಾರಣರೆನ್ನಲಾಗದು. ಆದರೆ ಸರ್ಕಾರದ ಕೊರತೆಗೆ ನೋಟು ಮುದ್ರಣ ತಾನಾಗಿ ಓಗೊಡಬಾರದೆಂಬ ಅವರ ಮಾತು, ಅವರು ತೀರಿಕೊಂಡ 19 ವರ್ಷಗಳ ಮೇಲೆ ಆಡಳಿತದ ನಿಯಮವಾಯಿತು.