ಸಾರಥಿನಿಂದೆ

ಮನುಷ್ಯನು ಏರಿ ಬಂದ ವಾಹನವನ್ನು ನೋಡಿ ಅವನ ಸ್ವಭಾವವನ್ನು ನಿರ್ಣಯಿಸುವ ಅಭ್ಯಾಸವು ಲೋಕದಲ್ಲಿ ಬಹುಕಾಲದಿಂದ ರೂಢವಾಗಿದೆ. ನಮ್ಮ ಬಿನ್ನಿಪೇಟೆಯಲ್ಲಿ ಮಾಗಡಿ ರಸ್ತೆಯ ಮಗ್ಗುಲಿಗೆ ಅರ್ಧ ಗಳಿಗೆ ನಿಂತಿದ್ದರೆ ಈ ಶಾಸ್ತ್ರದ ಸೂತ್ರಗಳೆಲ್ಲವೂ ಕಿವಿಗೆ ಬೀಳುತ್ತವೆ. ಆಟೋರಿಕ್ಷಾದವನಿಗೆ ನಿಯಮವಿಲ್ಲ, ಬಸ್ಸಿನವನಿಗೆ ದಯೆಯಿಲ್ಲ, ಹಳದಿ ಬೋರ್ಡಿನವನಿಗೆ ನಿದ್ರೆಯಿಲ್ಲ, ದೊಡ್ಡ ಕಾರಿನವನಿಗೆ ಕಣ್ಣಿಲ್ಲ, ಸ್ಕೂಟರು ನಡೆಸುವ ಹೆಂಗಸಿಗೆ ಧೈರ್ಯವಿಲ್ಲ, ಅನ್ಯರಾಜ್ಯದ ನಂಬರಿನವನಿಗೆ ನಮ್ಮ ಊರಿನ ಮೇಲೆ ಗೌರವವಿಲ್ಲ. ಹೀಗೆ ಹೇಳುವವರು ದುಷ್ಟರಲ್ಲ. ಬಹುಮಟ್ಟಿಗೆ ವಿದ್ಯಾವಂತರು, ಸಂಸಾರಸ್ಥರು. ಆದರೆ ರಸ್ತೆಯಲ್ಲಿ ಒಬ್ಬನಿಗೆ ಪೆಟ್ಟಾಗಿ ಜನ ಸೇರಿದಾಗ ತೀರ್ಪು ಹೊರಡುವುದು ಈ ಸೂತ್ರಗಳಿಂದಲೇ. ಏನು ನಡೆಯಿತೆಂದು ಕೇಳುವುದಕ್ಕೆ ಮೊದಲೇ ಯಾವ ಗಾಡಿಯೆಂದು ಕೇಳಿ, ದೊಡ್ಡ ಗಾಡಿಯದೇ ತಪ್ಪೆಂದು ಸಾರಿಬಿಡುತ್ತಾರೆ. ಕೆಲವು ವೇಳೆ ಕೈಯೂ ಮುಂದಾಗುತ್ತದೆ. ಆದಕಾರಣ ಈ ಮಾತುಗಳು ಎಂದಿನಿಂದ ಬಂದವು, ಇವುಗಳಲ್ಲಿ ಸತ್ಯಾಂಶವೆಷ್ಟು, ಗಾಡಿಯಿಂದ ಹಾನಿಯಾದಾಗ ನಮ್ಮ ಪೂರ್ವಿಕರು ದೋಷವನ್ನು ಹೇಗೆ ವಿಚಾರಿಸುತ್ತಿದ್ದರು ಎಂಬುದನ್ನು ವಾಚಕರ ಮುಂದಿಡುವುದು ನಿಷ್ಪ್ರಯೋಜಕವಾಗಲಾರದು.

ಸಾರಥಿಯನ್ನು ಹಗುರವಾಗಿ ಕಾಣುವುದು ಮೋಟಾರಿನೊಡನೆ ಹುಟ್ಟಿದ್ದಲ್ಲ. ಮಹಾಭಾರತದಲ್ಲಿ ಕರ್ಣನನ್ನು ಜೀವಮಾನವೆಲ್ಲ ಚುಚ್ಚಿದ ಮಾತು ‘ಸೂತಪುತ್ರ’ ಎಂಬುದು. ಎಂದರೆ ರಥ ನಡೆಸುವವನ ಮಗ. ಆ ಶಬ್ದದಿಂದ ಅಷ್ಟು ನೊಂದವನೇ, ಕರ್ಣಪರ್ವದಲ್ಲಿ ತನಗೆ ಸಾರಥಿಯಾಗಿ ಕುಳಿತ ಶಲ್ಯನೊಡನೆ ಮಾತಿಗೆ ಮಾತು ಬೆಳೆದಾಗ, ಶಲ್ಯನ ಮದ್ರದೇಶದ ಸ್ತ್ರೀಪುರುಷರನ್ನೆಲ್ಲ ಒಟ್ಟಾಗಿ ಹಳಿಯುತ್ತಾನೆ. ಅವರ ಊಟ, ಕುಡಿತ, ನಡತೆ ಯಾವುದೂ ಅವನ ನಾಲಗೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ನಂಬರಿನ ಮೊದಲ ಎರಡಕ್ಷರವನ್ನು ನೋಡಿ ಒಂದು ರಾಜ್ಯದವರನ್ನೆಲ್ಲ ನಾವು ಬಯ್ಯುವುದು ಇದಕ್ಕಿಂತ ಬೇರೆಯಲ್ಲ. ಕಡೆಗೆ ಕರ್ಣನ ರಥವು ನಿಂತದ್ದು ಸಾರಥಿಯ ದೇಶದ ದೋಷದಿಂದಲ್ಲ, ಚಕ್ರವನ್ನು ಭೂಮಿಯು ನುಂಗಿದ್ದರಿಂದ.

ಇದಕ್ಕೆ ಪ್ರತಿಯಾಗಿ ಅರಣ್ಯಪರ್ವದ ನಳೋಪಾಖ್ಯಾನವನ್ನು ನೋಡಬೇಕು. ರೂಪಗೆಟ್ಟು ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸೇವೆಯಲ್ಲಿದ್ದ ನಳನು, ಅಯೋಧ್ಯೆಯಿಂದ ವಿದರ್ಭಕ್ಕೆ ಒಂದೇ ದಿನದಲ್ಲಿ ತಲಪಬೇಕಾಗಿ ಬಂದಾಗ, ಲಾಯದಿಂದ ಬಡಕಲಾದ ಕುದುರೆಗಳನ್ನು ಆರಿಸಿ ತರುತ್ತಾನೆ. ಅರಸನು ಅವುಗಳನ್ನು ಕಂಡು, ಇಂಥ ಬಲಹೀನವಾದವು ಅಷ್ಟು ದೂರವನ್ನು ಹೇಗೆ ಎಳೆದಾವೆಂದು ಗದರಿಕೊಳ್ಳುತ್ತಾನೆ. ಸಾರಥಿಯು ಕುರೂಪಿ, ಕುದುರೆಗಳು ಕೃಶ. ಹೊರಗಣ್ಣಿಗೆ ಇದಕ್ಕಿಂತ ಕೆಟ್ಟ ಜೋಡಿಯಿಲ್ಲ. ಆದರೂ ರಥವು ಅಂದೇ ಸಂಜೆಗೆ ಕುಂಡಿನಪುರವನ್ನು ಸೇರಿತು. ದಮಯಂತಿಯು ತನ್ನ ಪತಿಯು ಬಂದಿರಬಹುದೆಂದು ಮೊದಲು ಊಹಿಸಿದ್ದು ರೂಪದಿಂದಲ್ಲ, ರಥದ ಘೋಷದಿಂದ. ಸಾರಥಿಯನ್ನು ಅವನ ಸಾರಥ್ಯದಿಂದ ತಿಳಿಯಬೇಕೆಂಬುದಕ್ಕೆ ಇದಕ್ಕಿಂತ ಚೆನ್ನಾದ ಕಥೆ ದೊರೆಯದು. ಯೆಹೂದ್ಯರ ಗ್ರಂಥದಲ್ಲಿಯೂ, ದೂರದಿಂದ ಬರುತ್ತಿದ್ದ ರಥವನ್ನು ಅದರ ಉನ್ಮತ್ತವೇಗದಿಂದಲೇ ಯೇಹುವಿನದೆಂದು ಕಾವಲುಗಾರನು ಗುರುತಿಸುವ ಪ್ರಸಂಗವುಂಟು. ಆ ಕಾವಲುಗಾರನು ನೋಡಿದ್ದು ಯೇಹು ಒಬ್ಬನ ನಡೆಯನ್ನು. ಮುಂದೆ ಇಂಗ್ಲಿಷಿನವರು ಆ ಹೆಸರನ್ನು ಬಾಡಿಗೆ ಗಾಡಿಯವರಿಗೆಲ್ಲ ಅಂಟಿಸಿ, ಒಬ್ಬನ ಗುಣವನ್ನು ಒಂದು ಕಸುಬಿನ ಗುಣವಾಗಿ ಮಾಡಿಬಿಟ್ಟರು.

ಇನ್ನು ನಮ್ಮ ಊರಿನ ಚರಿತ್ರೆಗೆ ಬರೋಣ. ಬಿನ್ನಿಪೇಟೆಗೆ ಹೆಸರು ಬಂದದ್ದು ಬಿನ್ನಿ ಗಿರಣಿಯಿಂದ. 1884ರಲ್ಲಿ ಸ್ಥಾಪಿತವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯನ್ನು 1886ರಲ್ಲಿ ಬಿನ್ನಿ ಕಂಪನಿಯವರು ವಹಿಸಿಕೊಂಡರು. ಚಾಮರಾಜಪೇಟೆಯು 1892ರಲ್ಲಿಯೂ, 1898ರ ಪ್ಲೇಗಿನ ತರುವಾಯ ಬಸವನಗುಡಿ ಮಲ್ಲೇಶ್ವರಗಳೂ ಬೆಳೆದಂತೆಲ್ಲ ನಡೆದುಹೋಗುವಷ್ಟಿದ್ದ ಊರು ಗಾಡಿ ಬೇಕಾಗುವಷ್ಟು ಅಗಲವಾಯಿತು. ಗಿರಣಿಯವರು ಕಾಲ್ನಡಿಗೆಯಿಂದಲೂ ಸೈಕಲ್ಲಿನಿಂದಲೂ ಹೋಗುತ್ತಿದ್ದರು. ರೈಲಿಳಿದವರಿಗೆ ಜಟಕಾ ಇತ್ತು.

ಆ ಕಾಲಕ್ಕೆ ಅಪಕೀರ್ತಿಯೆಲ್ಲವೂ ಜಟಕಾದವನ ಪಾಲು. ಬಾಡಿಗೆಗೆ ಜಗಳವಾಡುತ್ತಾನೆ, ಕುದುರೆಯನ್ನು ಹೊಡೆಯುತ್ತಾನೆ, ಗಾಡಿಯನ್ನು ಮಗುಚುತ್ತಾನೆ ಎಂದು. ಆದರೆ ಜಟಕಾ ಎರಡೇ ಚಕ್ರದ ಗಾಡಿ. ಅಚ್ಚಿನ ಹಿಂದೆ ಭಾರ ಹೆಚ್ಚಾದರೆ ಮೂಕಿಯು ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಕುದುರೆಯ ಬೆನ್ನು ಕುಸಿಯುತ್ತದೆ. ಆದ್ದರಿಂದಲೇ ಅವನು ‘ಸ್ವಲ್ಪ ಮುಂದೆ ಬನ್ನಿ ಸ್ವಾಮಿ, ಅಮ್ಮಾವರೇ ಹಿಂದಕ್ಕೆ ಸರಿಯಿರಿ’ ಎಂದು ಕೂಗುತ್ತಿದ್ದದ್ದು. ಒಂದು ಗಾಡಿಯ ಬಾಡಿಗೆಗೆ ಎರಡು ಗಾಡಿಯ ಜನ ಏರಿ, ಅವನ ಮಾತನ್ನು ಕೇಳದೆ ಕುಳಿತು, ಗಾಡಿಯು ಹಿಂದಕ್ಕೆ ವಾಲಿದಾಗ ಬೈಗುಳ ತಿನ್ನುತ್ತಿದ್ದವನು ಅವನೇ.

ತರುವಾಯ 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯ ಬಸ್ಸುಗಳು ಬಂದವು. 1956ರಲ್ಲಿ ಅದು ಸರ್ಕಾರದ ವಶವಾಗಿ ಬಿ.ಟಿ.ಎಸ್. ಎನಿಸಿತು. ‘ಬಿಟ್ಟರೆ ತಿರ್ಗಾ ಸಿಗೋಲ್ಲ’ ಎಂದು ಜನರು ಆ ಮೂರಕ್ಷರಗಳಿಗೆ ಹೇಳಿದ ಅರ್ಥವು ಹಾಸ್ಯವೇ ಆದರೂ, ಬಸ್ಸು ಸಿಗದೆಂಬ ಭಯದಿಂದ ಚಲಿಸುವ ಬಸ್ಸಿಗೆ ಜೋತುಬೀಳುತ್ತಿದ್ದವರು ನಾವೇ ಎಂಬುದನ್ನೂ ಅದು ಹೇಳುತ್ತದೆ. ಬಳಿಕ ಜಟಕಾದವನ ಅಪಕೀರ್ತಿಯು ಉತ್ತರಾಧಿಕಾರದಿಂದ ಆಟೋರಿಕ್ಷಾದವನಿಗೆ ಬಂತು. ಮುಂದೆ ಒಂದೇ ಚಕ್ರವುಳ್ಳ ಆ ಗಾಡಿ ಅಲ್ಪಸ್ಥಳದಲ್ಲಿ ತಿರುಗಬಲ್ಲದು. ತಿರುಗಬಲ್ಲದ್ದನ್ನು ಸಂದಿಯಲ್ಲಿ ನುಗ್ಗಿಸುವ ಆಸೆ ಹುಟ್ಟುವುದು ಸಹಜ. ಗಾಡಿಯು ತನ್ನದಲ್ಲದವನು ಸಂಜೆಗೆ ಒಡೆಯನಿಗೆ ಬಾಡಿಗೆ ಸಲ್ಲಿಸಿ, ಇಂಧನದ ಖರ್ಚು ಕಳೆದು, ಉಳಿದದ್ದನ್ನು ಮನೆಗೆ ಒಯ್ಯಬೇಕು. ಆ ಅವಸರಕ್ಕೆ ನಾವು ಇಟ್ಟಿರುವ ಹೆಸರು ದುಃಸ್ವಭಾವವೆಂದು. 1980ರಲ್ಲಿ ಶಂಕರನಾಗ್ ಅವರು ‘ಆಟೋ ರಾಜ’ ಚಿತ್ರದಲ್ಲಿ ಆಟೋ ನಡೆಸುವವನನ್ನು ನಾಯಕನನ್ನಾಗಿ ತೋರಿಸಿದರು. 1990ರಲ್ಲಿ ದಾವಣಗೆರೆಯ ಬಳಿ ಅವರು ಅಪಘಾತದಲ್ಲಿ ತೀರಿಕೊಂಡು ಇಷ್ಟು ವರ್ಷಗಳಾದರೂ ಅವರ ಚಿತ್ರವು ನಮ್ಮ ಆಟೋಗಳ ಬೆನ್ನಿನ ಮೇಲೆ ಇಂದಿಗೂ ಇದೆ. ತಮ್ಮ ಕಸುಬಿಗೆ ಒಬ್ಬನು ಕೊಟ್ಟ ಮರ್ಯಾದೆಯನ್ನು ಆ ಜನರು ಮರೆತಿಲ್ಲ.

ಹಾಗಾದರೆ ಲೋಕದ ಮಾತಿನಲ್ಲಿ ಸತ್ಯವೇ ಇಲ್ಲವೇ? ಉಂಟು, ಆದರೆ ಅದು ನಾವು ಹುಡುಕುವ ಸ್ಥಳದಲ್ಲಿಲ್ಲ. 2020ರಲ್ಲಿ ಪ್ರಕಟವಾದ ಫಿನ್ಲೆಂಡಿನ ಒಂದು ಅಧ್ಯಯನದಲ್ಲಿ, ಕಾರು ಉಳ್ಳ 1,892 ಮಂದಿಯ ಸ್ವಭಾವವನ್ನು ಪರೀಕ್ಷಿಸಿದಾಗ, ಹಟಮಾರಿಗಳೂ ಪರರ ನೋವನ್ನು ಗಣಿಸದವರೂ ಆದ ಪುರುಷರು ಔಡಿ, ಬಿ.ಎಂ.ಡಬ್ಲ್ಯೂ., ಮರ್ಸಿಡಿಸ್‌ಗಳಂಥ ಪ್ರತಿಷ್ಠೆಯ ಕಾರುಗಳನ್ನು ಇಟ್ಟುಕೊಂಡಿರುವ ಸಂಭವ ಹೆಚ್ಚೆಂದು ಕಂಡಿತು. ಇಷ್ಟನ್ನು ಕೇಳಿ ಸಂತೋಷಪಡುವವರು ಉತ್ತರಾರ್ಧವನ್ನೂ ಕೇಳಬೇಕು: ಶಿಸ್ತುಗಾರರೂ ಕರ್ತವ್ಯನಿಷ್ಠರೂ ಆದ ಸ್ತ್ರೀಪುರುಷರಿಗೆ ಕೂಡ ಆ ಕಾರುಗಳೇ ಪ್ರಿಯವಾಗಿದ್ದವು. ಎದುರಿಗೆ ಬಂದ ಕಾರಿನೊಳಗೆ ಇವರಿಬ್ಬರಲ್ಲಿ ಯಾರಿರುವರೆಂಬುದನ್ನು ಕಾರು ಹೇಳದು. ಹೆಂಗಸರ ವಿಷಯದ ಮಾತಿಗಂತೂ ಆಧಾರವೇ ಕಾಣದು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಗಣನೆಯಂತೆ ಪ್ರಪಂಚದ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನರು ಸಾಯುತ್ತಾರೆ. ಪುರುಷರು ಸಾಯುವ ಸಂಭವವು ಸ್ತ್ರೀಯರದಕ್ಕಿಂತ ಸುಮಾರು ಮೂರು ಪಟ್ಟು. ಪುರುಷರು ರಸ್ತೆಯಲ್ಲಿರುವುದೂ ಹೆಚ್ಚಾದ್ದರಿಂದ ಇದೊಂದರಿಂದಲೇ ಅವರ ಅಕುಶಲತೆಯು ಸಿದ್ಧವಾಗದು; ಆದರೆ ಹೆಂಗಸರನ್ನು ನಗುವುದಕ್ಕೆ ಇದರಲ್ಲಿ ಎಡೆಯಿಲ್ಲ. 2022ರಲ್ಲಿ ಭಾರತದಲ್ಲಿ 1,68,491 ಮಂದಿ ರಸ್ತೆಯಲ್ಲಿ ಮಡಿದರು. ಸರ್ಕಾರದ ವರದಿಯು ಆ ಸಾವುಗಳಲ್ಲಿ ನೂರಕ್ಕೆ ಸುಮಾರು 71ನ್ನು ಅತಿವೇಗದ ಲೆಕ್ಕಕ್ಕೆ ಬರೆದಿದೆ. ವೇಗಕ್ಕೆ ಜಾತಿಯಿಲ್ಲ, ನಂಬರಿಲ್ಲ.

ವಾಹನದ ಆಕಾರದಿಂದ ಬರುವ ಅಪಾಯವೂ ಉಂಟು. ಮುಂಭಾಗವು ಎತ್ತರವಾದ ದೊಡ್ಡ ಗಾಡಿಗಳು ಪಾದಚಾರಿಗೆ ತಗುಲಿದರೆ, ತಗ್ಗಾಗಿ ಇಳಿಜಾರಾದ ಮುಖವುಳ್ಳ ಕಾರುಗಳಿಗಿಂತ ಪ್ರಾಣಹಾನಿಯ ಸಂಭವವು ಸುಮಾರು ನೂರಕ್ಕೆ 45ರಷ್ಟು ಹೆಚ್ಚೆಂದು ಅಮೆರಿಕೆಯಲ್ಲಿ 2023ರಲ್ಲಿ ಲೆಕ್ಕಹಾಕಿದ್ದಾರೆ. ಇದು ಕಬ್ಬಿಣದ ಗುಣ, ಮನುಷ್ಯನದಲ್ಲ. ಸಾಧುವಾದವನು ನಡೆಸಿದರೂ ಅದು ಹೋಗದು. ಏರ್ಪಾಟಿನಿಂದ ಬರುವ ದೋಷ ಮತ್ತೊಂದು. ದೆಹಲಿಯಲ್ಲಿ 1992ರಲ್ಲಿ ‘ರೆಡ್‌ಲೈನ್’ ಎಂಬ ಖಾಸಗಿ ಬಸ್ಸುಗಳು ಹೊರಟು ಅಪಘಾತಗಳಿಗೆ ಕುಪ್ರಸಿದ್ಧವಾದಾಗ, ಕೆಂಪನ್ನು ಅಳಿಸಿ ನೀಲಿಯನ್ನು ಬಳಿದು ‘ಬ್ಲೂಲೈನ್’ ಎಂದು ಹೆಸರಿಟ್ಟರು. ಒಂದು ಬಸ್ಸು ಮತ್ತೊಂದನ್ನು ಹಿಂದೆ ಹಾಕಿ ಪ್ರಯಾಣಿಕರನ್ನು ತುಂಬಿಕೊಂಡರೇ ಗಳಿಕೆಯೆಂಬ ಏರ್ಪಾಟು ಬದಲಾಗಲಿಲ್ಲ. ಕೆಲಕಾಲದಲ್ಲಿ ನೀಲಿಗೂ ಕೆಂಪಿನ ಕೀರ್ತಿಯೇ ಬಂದು, ಕಡೆಗೆ ಆ ಬಸ್ಸುಗಳನ್ನೇ ರಸ್ತೆಯಿಂದ ತೆಗೆಯಬೇಕಾಯಿತು.

ಆಕಾರ, ಏರ್ಪಾಟು, ಕೌಶಲ, ಒಡೆತನ ಇವನ್ನು ಬೇರೆಬೇರೆಯಾಗಿ ವಿಚಾರಿಸಬೇಕೆಂಬ ವಿವೇಕವು ನಮ್ಮ ಧರ್ಮಶಾಸ್ತ್ರದಲ್ಲಿ ಹಿಂದೆಯೇ ಇತ್ತು. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಗಾಡಿಯಿಂದ ಹಾನಿಯಾದರೂ ದಂಡವಿಲ್ಲದ ಹತ್ತು ಸಂದರ್ಭಗಳನ್ನು ಹೇಳುತ್ತದೆ. ಮೂಗುದಾರ ಕಡಿದರೆ, ನೊಗ ಮುರಿದರೆ, ಗಾಡಿಯು ಅಡ್ಡಕ್ಕೋ ಹಿಂದಕ್ಕೋ ಸರಿದರೆ, ಅಚ್ಚು ಅಥವಾ ಚಕ್ರ ಮುರಿದರೆ, ಕಟ್ಟು, ಜೊತ್ತಿಗೆ, ಲಗಾಮುಗಳು ಹರಿದರೆ, ‘ದಾರಿ ಬಿಡಿ’ ಎಂದು ಮೊದಲೇ ಕೂಗಿದ್ದರೆ ದಂಡವಿಲ್ಲ. ಸಾರಥಿಯ ಅಕುಶಲತೆಯಿಂದ ಗಾಡಿಯು ದಾರಿ ತಪ್ಪಿ ಹಾನಿಯಾದರೆ ಒಡೆಯನಿಗೆ ಇನ್ನೂರು ಪಣ ದಂಡ. ಸಾರಥಿಯು ಕುಶಲನಾಗಿದ್ದೂ ತಪ್ಪಿದರೆ ದಂಡವು ಸಾರಥಿಗೆ. ಅಕುಶಲನೆಂದಿದ್ದೂ ಅವನ ಗಾಡಿಯಲ್ಲಿ ಕುಳಿತವರಿಗೆ ತಲೆಗೆ ನೂರು ಪಣ. ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಮೂಗುದಾರ, ನೊಗಗಳ ವಿಚಾರವು ಬರುತ್ತದೆ. ಆ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದ್ದು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕನ್ನಡನಾಡಿನ ಕಲ್ಯಾಣದಲ್ಲಿ ಎಂಬುದು ಸ್ಮರಣೀಯ.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಯೋಲೆಗಳಲ್ಲಿ ಗುರುತಿಸಿ 1909ರಲ್ಲಿ ಮುದ್ರಿಸಿದವರು ಆರ್. ಶಾಮಶಾಸ್ತ್ರಿಗಳು. ಆ ಗ್ರಂಥವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಗಾಡಿಯನ್ನು ನಡೆಸುವವನು ಬಾಲಕನಾಗಿದ್ದರೆ ಅದರಲ್ಲಿ ಕುಳಿತ ಒಡೆಯನು ದಂಡಕ್ಕೆ ಗುರಿ; ಒಡೆಯನಿಲ್ಲದಿದ್ದರೆ ಗಾಡಿಯಲ್ಲಿರುವವನು ಗುರಿ; ಬಾಲಕನ ಕೈಯಲ್ಲಿರುವ ಗಾಡಿಯನ್ನೂ, ನಡೆಸುವವನೇ ಇಲ್ಲದ ಗಾಡಿಯನ್ನೂ ರಾಜನು ಕಿತ್ತುಕೊಳ್ಳತಕ್ಕದ್ದು. ನಮ್ಮ ಮೋಟಾರು ವಾಹನ ಕಾನೂನಿಗೆ 2019ರಲ್ಲಿ ಸೇರಿಸಿದ ವಿಧಿಯಂತೆ, ಅಪ್ರಾಪ್ತವಯಸ್ಕನು ವಾಹನ ನಡೆಸಿ ಅಪರಾಧ ಮಾಡಿದರೆ ಪೋಷಕನಿಗೆ ಅಥವಾ ಒಡೆಯನಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ವಾಹನದ ನೋಂದಣಿಯು ಹನ್ನೆರಡು ತಿಂಗಳು ರದ್ದು. ಎರಡು ಸಾವಿರ ವರ್ಷಗಳ ಅಂತರದಲ್ಲಿ ಎರಡು ಶಾಸನಗಳು ಒಂದೇ ಮಾತನ್ನಾಡಿವೆ.

ಸ್ಮೃತಿಗಳ ವಿಧಿಗಳೆಲ್ಲವೂ ಇಂದಿಗೆ ಗ್ರಾಹ್ಯವೆಂದು ನನ್ನ ಮತವಲ್ಲ. ಇದೇ ಮನುಸ್ಮೃತಿಯು ಹತ್ತನೆಯ ಅಧ್ಯಾಯದಲ್ಲಿ ಸೂತನನ್ನು ಸಂಕರಜಾತಿಗಳಲ್ಲಿ ಎಣಿಸಿ, ಹುಟ್ಟಿನಿಂದಲೇ ಅವನ ಸ್ಥಾನವನ್ನು ಕಟ್ಟಿಹಾಕುತ್ತದೆ. ಕರ್ಣನಿಗಾದ ಅವಮಾನದ ಬೇರು ಅಲ್ಲಿಯೇ ಇದೆ. ಗಮನಿಸಬೇಕಾದದ್ದೇನೆಂದರೆ, ಹಾಗೆಣಿಸಿದ ಗ್ರಂಥವೂ ಗಾಡಿಯಿಂದಾದ ಹಾನಿಯ ದೋಷವನ್ನು ಹಂಚುವಾಗ ಸಾರಥಿಯ ಕುಲವನ್ನು ಕೇಳಲಿಲ್ಲ. ಮುರಿದದ್ದೇನು, ಕೂಗಿದನೇ, ಕಲಿತವನೇ, ನೇಮಿಸಿದವರಾರು, ಒಳಗಿದ್ದವರಾರು ಎಂದು ಕೇಳಿತು. ಜಾತಿಯನ್ನು ಬಿಟ್ಟೆವೆನ್ನುವ ನಾವು ಅದರ ಸ್ಥಾನದಲ್ಲಿ ಗಾಡಿಯನ್ನು ಕೂರಿಸಿದ್ದೇವೆ.

ಬಿನ್ನಿ ಗಿರಣಿಯಿದ್ದ ನೆಲದಲ್ಲಿ ಇಂದು ಎತ್ತರದ ವಸತಿಗಳೂ ಮಳಿಗೆಗಳೂ ಎದ್ದಿವೆ. ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಈ ಸಂದಣಿಯಲ್ಲಿ ಹೊಸ ಅಪಕೀರ್ತಿಯು ಬಂದಿರುವುದು ಮನೆಗಳಿಗೆ ಊಟವನ್ನೂ ದಿನಸಿಯನ್ನೂ ತಂದುಕೊಡುವ ಸ್ಕೂಟರಿನ ಹುಡುಗರಿಗೆ. ಅವರು ಪಾದಚಾರಿಗಳ ದಾರಿಯ ಮೇಲೆ ನುಗ್ಗುವುದು, ಎದುರುದಿಕ್ಕಿನಲ್ಲಿ ಬರುವುದು ನಿಜ. ಅದು ತಪ್ಪೇ, ದಂಡಾರ್ಹವೇ. ಆದರೆ ನಿಮಿಷಗಳನ್ನೆಣಿಸುತ್ತ ಬಾಗಿಲಲ್ಲಿ ನಿಂತವರಾರು? ‘ಇನ್ನೊಂದು ಹತ್ತು ರೂಪಾಯಿ ಕೊಡುತ್ತೇನೆ, ರೈಲು ತಪ್ಪಬಾರದು’ ಎಂದು ಆಟೋದವನ ಬೆನ್ನು ತಟ್ಟುವವರಾರು? ಹದಿನೈದು ವರ್ಷದ ಮಗನಿಗೆ ಪಾಠಕ್ಕೆ ಹೊತ್ತಾಯಿತೆಂದು ಸ್ಕೂಟರಿನ ಬೀಗದಕೈಯನ್ನು ಕೊಡುವವರಾರು? ಸ್ಮೃತಿಕಾರನ ಸಭೆಯಲ್ಲಿ ಒಡೆಯನಿಗೂ ಒಳಗೆ ಕುಳಿತವರಿಗೂ ಹಾಕಿದ ದಂಡದ ಅರ್ಥವು ಇಲ್ಲಿ ತಿಳಿಯುತ್ತದೆ.

ಆದ್ದರಿಂದ ರಸ್ತೆಯಲ್ಲಿ ಮುಂದಿನ ಸಲ ಜನ ಸೇರಿದಾಗ ಯಾವ ಗಾಡಿಯೆಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡು, ಬಿದ್ದವನನ್ನು ಮೊದಲು ಆಸ್ಪತ್ರೆಗೆ ಸೇರಿಸಿ, ಆಮೇಲೆ ಆ ಹಳೆಯ ಪ್ರಶ್ನೆಗಳನ್ನು ಕ್ರಮವಾಗಿ ಕೇಳುವುದು ವಿದ್ಯಾವಂತರಿಗೆ ಯೋಗ್ಯವಾದದ್ದು. ಕೇಳಿದ ಮೇಲೆ ತಪ್ಪು ಸಾರಥಿಯದೇ ಎಂದು ತೀರಬಹುದು. ತೀರಲಿ, ಆಗ ಅದು ತೀರ್ಪಾಗುತ್ತದೆ. ಕೇಳದೆ ಹೇಳಿದ್ದು ನಿಂದೆ.